ಕೇಳುವ ಮೊದಲೇ ಅಳಿಸಿಹೋದ ವೃತ್ತಿಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ಚಿಕ್ಕಂದಿನಿಂದಲೂ ಕಟ್ಟಡಗಳ ಚಿತ್ರ ಬರೆಯುತ್ತ, ತಾನು ಆರ್ಕಿಟೆಕ್ಟ್ ಆಗುತ್ತೇನೆಂದು ಹೇಳುತ್ತಿದ್ದಳು. ಕಳೆದ ತಿಂಗಳು ಶಾಲೆಯಲ್ಲಿ ಕಂಪ್ಯೂಟರ್ ಮೂಲಕ ಅಭಿರುಚಿ ಪರೀಕ್ಷೆ ನಡೆಸಿ, ಅವಳಿಗೆ ಶಿಕ್ಷಣ ಮತ್ತು ಸಮಾಜಸೇವೆಯ ಕ್ಷೇತ್ರಗಳು ಒಪ್ಪುತ್ತವೆ ಎಂಬ ವರದಿ ಕೊಟ್ಟಿದ್ದಾರೆ. ಅಂದಿನಿಂದ ಅವಳು ಚಿತ್ರದ ಪುಸ್ತಕವನ್ನು ಮುಟ್ಟಿಲ್ಲ. ಈ ವರದಿಯನ್ನು ಎಷ್ಟರಮಟ್ಟಿಗೆ ನಂಬಬೇಕು?

ಉತ್ತರ: ಆ ವರದಿಯಲ್ಲಿರುವುದು ನಿಮ್ಮ ಮಗಳು ಆ ದಿನ ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತು ಮಾತ್ರ. ಅಭಿರುಚಿ ಪರೀಕ್ಷೆಯು ಯಾವ ಬಗೆಯ ಕೆಲಸ ಇಷ್ಟವೆಂದು ಕೇಳುತ್ತದೆಯೇ ಹೊರತು, ಯಾವ ಕೆಲಸ ಮಾಡುವ ಶಕ್ತಿಯಿದೆ ಎಂಬುದನ್ನು ಅಳೆಯುವುದಿಲ್ಲ. ಇಂತಹ ಪರೀಕ್ಷೆಗಳಲ್ಲಿ ಬಹಳಷ್ಟಕ್ಕೆ ಆಧಾರವಾಗಿರುವುದು ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಮಂಡಿಸಿ ಮುಂದೆ ಬೆಳೆಸಿದ ಸಿದ್ಧಾಂತ. ಕೈಕೆಲಸ, ಶೋಧನೆ, ಕಲೆ, ಜನರೊಡನೆ ಒಡನಾಟ, ಮುಂದಾಳುತನ, ಕ್ರಮಬದ್ಧ ಕಚೇರಿ ಕೆಲಸ ಎಂಬ ಆರು ಒಲವುಗಳನ್ನು ಅವರು ಗುರುತಿಸಿದರು. ಒಬ್ಬ ವ್ಯಕ್ತಿಯಲ್ಲಿ ಒಂದೇ ಒಲವು ಇರುತ್ತದೆಂದು ಅವರು ಹೇಳಲಿಲ್ಲ. ಎದ್ದುಕಾಣುವ ಮೂರನ್ನು ಒಟ್ಟಾಗಿ ನೋಡುವುದೇ ವಾಡಿಕೆ. ನಿಮ್ಮ ಮಗಳ ವರದಿಯಲ್ಲಿ ಎರಡನೆಯದು ಮತ್ತು ಮೂರನೆಯದು ಯಾವುವು ಎಂಬುದನ್ನು ದಯವಿಟ್ಟು ನೋಡಿ. ಮನೆ ಕಟ್ಟಿಸುವವರ ಮಾತನ್ನು ಗಂಟೆಗಟ್ಟಲೆ ಕೇಳಿ, ಅವರ ಬದುಕಿನ ರೀತಿಯನ್ನು ಅರಿತುಕೊಂಡ ನಂತರವೇ ಆರ್ಕಿಟೆಕ್ಟ್ ನಕ್ಷೆ ಬರೆಯಬೇಕಾಗುತ್ತದೆ. ಆದ್ದರಿಂದ ಜನರೊಡನೆ ಬೆರೆಯುವ ಒಲವು ಆ ವೃತ್ತಿಗೆ ಅಡ್ಡಿಯಲ್ಲ, ಬಂಡವಾಳ.

ಇನ್ನೊಂದು ಮಾತನ್ನೂ ಗಮನಿಸಬೇಕು. ಹದಿನಾಲ್ಕರ ಹುಡುಗಿ ದಿನವೂ ಕಣ್ಣಾರೆ ಕಂಡಿರುವ ವೃತ್ತಿ ಶಿಕ್ಷಕರದು. ನಕ್ಷೆ ತಯಾರಾಗುವ ಕಚೇರಿಯ ಒಳಗೆ ಅವಳು ಬಹುಶಃ ಕಾಲಿಟ್ಟಿರಲಾರಳು. ಕಂಡ ಕೆಲಸದ ಮುಂದೆ ಗುರುತು ಹಾಕುವುದು ಸುಲಭ, ಕಾಣದ ಕೆಲಸದ ಮುಂದೆ ಕೈ ತಡೆಯುತ್ತದೆ. ಆದ್ದರಿಂದ ವರದಿಯನ್ನು ಬಚ್ಚಿಡಬೇಡಿ, ಹರಿದೂ ಹಾಕಬೇಡಿ. ಅವಳ ಜೊತೆ ಕುಳಿತು, ಯಾವ ಪ್ರಶ್ನೆಗಳಿಗೆ ಉತ್ತರಿಸುವಾಗ ಅನುಮಾನವಾಯಿತು ಎಂದು ಕೇಳಿ. ಫಲಿತಾಂಶವನ್ನು ಕೈಗಿತ್ತು ಕಳುಹಿಸುವ ಮೊದಲು ಅದರ ಅರ್ಥವನ್ನು ಮಗುವಿಗೆ ಬಿಡಿಸಿ ಹೇಳಬೇಕಾದದ್ದು ಶಾಲೆಯ ಕರ್ತವ್ಯವಾಗಿತ್ತು. ಆ ಮಾತುಕತೆಯನ್ನು ಈಗಲಾದರೂ ಏರ್ಪಡಿಸುವಂತೆ ನೀವು ಕೇಳಬೇಕು, ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತೇನೆ. ಈ ವರ್ಷ ವೃತ್ತಿ ಮಾರ್ಗದರ್ಶನದ ಹೊಣೆಯನ್ನೂ ನನಗೆ ವಹಿಸಿದ್ದಾರೆ. ಇದುವರೆಗೆ ನಮ್ಮಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಒಂದು ದಿನದ ಉಪನ್ಯಾಸ ಏರ್ಪಡಿಸಿ ಮುಗಿಸುತ್ತಿದ್ದರು. ಇದಕ್ಕಿಂತ ಹೆಚ್ಚಿನದನ್ನು ಹೇಗೆ ಮಾಡಬಹುದು?

ಉತ್ತರ: ನಿಮ್ಮ ಪ್ರಶ್ನೆಯೇ ಅರ್ಧ ಕೆಲಸ ಮಾಡಿದೆ. ಫ್ರಾಂಕ್ ಪಾರ್ಸನ್ಸ್ ಅವರು 1908ರಲ್ಲಿ ಬಾಸ್ಟನ್ ನಗರದಲ್ಲಿ ವೃತ್ತಿ ಸಲಹಾ ಕೇಂದ್ರವನ್ನು ತೆರೆದಾಗ ಮೂರು ಅಂಶಗಳನ್ನು ಮುಂದಿಟ್ಟಿದ್ದರು: ತನ್ನನ್ನು ತಾನು ಅರಿಯುವುದು, ವೃತ್ತಿಗಳ ಸ್ವರೂಪವನ್ನು ತಿಳಿಯುವುದು, ಇವೆರಡನ್ನೂ ತೂಗಿನೋಡಿ ವಿವೇಚಿಸುವುದು. ಒಂದು ದಿನದ ಉಪನ್ಯಾಸ ಇವುಗಳಲ್ಲಿ ಎರಡನೆಯದನ್ನು ಮಾತ್ರ, ಅದೂ ಮೇಲೆ ಮೇಲೆ, ಮುಟ್ಟುತ್ತದೆ.

ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಅದು ತಡವಾಗಿ ಬರುತ್ತದೆ. ಲಿಂಡಾ ಗಾಟ್‌ಫ್ರೆಡ್‌ಸನ್ ಎಂಬ ಸಂಶೋಧಕಿ 1981ರಲ್ಲಿ ಮಂಡಿಸಿದ ವಿಚಾರ ನನ್ನನ್ನು ಇಂದಿಗೂ ಕಾಡುತ್ತದೆ. ಮಕ್ಕಳು ವೃತ್ತಿಯನ್ನು ಆರಿಸಿಕೊಳ್ಳುವುದಕ್ಕಿಂತ ಬಹಳ ಮೊದಲೇ ಒಂದೊಂದನ್ನೇ ಕೈಬಿಡುತ್ತ ಬರುತ್ತಾರೆ. ಸುಮಾರು ಆರರಿಂದ ಎಂಟನೆಯ ವಯಸ್ಸಿನಲ್ಲಿ ‘ಇದು ಹುಡುಗರ ಕೆಲಸ, ಇದು ಹುಡುಗಿಯರ ಕೆಲಸ’ ಎಂದು, ಒಂಬತ್ತರಿಂದ ಹದಿಮೂರರ ನಡುವೆ ‘ಇದು ನಮ್ಮಂಥವರಿಗೆ ಎಟುಕದ್ದು, ಇದು ನಮ್ಮಂಥವರಿಗೆ ತಕ್ಕುದಲ್ಲ’ ಎಂದು ಬಿಡುತ್ತಾರೆ, ತಮ್ಮ ಆಸಕ್ತಿಯೇನೆಂದು ಯೋಚಿಸಲು ತೊಡಗುವುದು ಅದಾದ ಮೇಲೆ ಎಂಬುದು ಅವರ ವಾದ. ಅಂದರೆ ಕೊನೆಯ ವರ್ಷದಲ್ಲಿ ನಾವು ‘ಏನಾಗಬೇಕೆಂದಿದ್ದೀಯ?’ ಎಂದು ಕೇಳುವಾಗ ಮಗುವಿನ ಕೈಯಲ್ಲಿ ಉಳಿದಿರುವುದು ಮೊಟಕಾದ ಪಟ್ಟಿ. ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆಯಾದ ಒಇಸಿಡಿಯ 2020ರ ವರದಿಯೂ ಇದನ್ನೇ ಬೇರೆ ರೀತಿಯಲ್ಲಿ ತೋರಿಸಿತು: 41 ದೇಶಗಳ 15 ವರ್ಷದ ವಿದ್ಯಾರ್ಥಿಗಳಲ್ಲಿ ಶೇ. 47ರಷ್ಟು ಹುಡುಗರು ಮತ್ತು ಶೇ. 53ರಷ್ಟು ಹುಡುಗಿಯರು ಕೇವಲ ಹತ್ತು ಜನಪ್ರಿಯ ವೃತ್ತಿಗಳಲ್ಲೊಂದನ್ನು ಹೆಸರಿಸಿದ್ದರು. ಹಾಗಾಗಿ ಪ್ರೌಢಶಾಲೆಯ ಮೊದಲ ವರ್ಷಗಳಲ್ಲಿ ನಿಮ್ಮ ಕೆಲಸ ಆರಿಸಲು ಹೇಳುವುದಲ್ಲ, ಪಟ್ಟಿಯನ್ನು ಮತ್ತೆ ಹಿಗ್ಗಿಸುವುದು.

ಇದಕ್ಕೆ ಕಣ್ಣಾರೆ ಕಾಣುವುದಕ್ಕಿಂತ ಉತ್ತಮ ದಾರಿಯನ್ನು ನಾನು ಅರಿಯೆ. ನಾನು ಶಾಲೆಯೊಂದರಲ್ಲಿ ಸಮಾಲೋಚಕನಾಗಿದ್ದಾಗ, ವೈದ್ಯನಾಗುತ್ತೇನೆಂದು ಬರೆದುಕೊಟ್ಟಿದ್ದ ಹುಡುಗನೊಬ್ಬನನ್ನು ಆಸ್ಪತ್ರೆಯ ಭೇಟಿಗೆ ಕರೆದೊಯ್ದಿದ್ದೆವು. ಪ್ರಯೋಗಾಲಯದಲ್ಲಿ ತಂತ್ರಜ್ಞೆಯೊಬ್ಬರು ರಕ್ತದ ನಳಿಕೆಗಳನ್ನು, ಅವುಗಳನ್ನು ರಭಸದಿಂದ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರದೊಳಗೆ ಎದುರುಬದುರಾಗಿ ಇಡುತ್ತಿದ್ದರು. ಕೊನೆಗೆ ಒಂದು ನಳಿಕೆ ಒಂಟಿಯಾಗಿ ಉಳಿದಾಗ, ಇನ್ನೊಂದಕ್ಕೆ ಅಷ್ಟೇ ತೂಕದ ನೀರು ತುಂಬಿ ಅದರ ಎದುರಿಗಿಟ್ಟರು. ಏಕೆಂದು ಹುಡುಗ ಕೇಳಿದ. ತೂಕ ಸಮವಾಗಿರದಿದ್ದರೆ ಯಂತ್ರ ಅದುರಿ ಕೆಡುತ್ತದೆಂದು ಅವರು ಹೇಳಿದರು. ನಳಿಕೆಗಳು ಹೊರಬಂದಾಗ ಕೆಂಪು ಕಣಗಳು ತಳಕ್ಕಿಳಿದು, ಮೇಲೆ ತಿಳಿಹಳದಿ ದ್ರವ ನಿಂತಿತ್ತು. ಉಳಿದವರು ವಾರ್ಡಿನತ್ತ ಹೊರಟರೂ ಅವನು ಅಲ್ಲೇ ನಿಂತು, ಯಂತ್ರ ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೆ ಎಂದು ವಿಚಾರಿಸುತ್ತಿದ್ದ. ವೈದ್ಯಕೀಯ ಉಪಕರಣಗಳ ತಂತ್ರಜ್ಞರೆಂಬುವರು ಇದ್ದಾರೆಂದು ಅವನಿಗೆ ಗೊತ್ತಾದದ್ದು ಅಂದೇ. ಆಸ್ಪತ್ರೆಯೆಂದರೆ ವೈದ್ಯರು ಮತ್ತು ದಾದಿಯರು ಎಂದಷ್ಟೇ ತಿಳಿದಿದ್ದ ಹುಡುಗನಿಗೆ ಯಾವ ಉಪನ್ಯಾಸವೂ ಇದನ್ನು ಕೊಡಲಾರದಿತ್ತು.

ಅತಿಥಿಗಳನ್ನು ಕರೆಯುವುದಾದರೆ, ಯಶಸ್ಸಿನ ಕಥೆ ಹೇಳಿಸುವ ಬದಲು ‘ನಿನ್ನೆ ಬೆಳಿಗ್ಗೆಯಿಂದ ಸಂಜೆಯವರೆಗೆ ಏನೇನು ಮಾಡಿದಿರಿ?’ ಎಂದು ವಿದ್ಯಾರ್ಥಿಗಳಿಂದಲೇ ಕೇಳಿಸಿ. ಬೇಸರ ತರುವ ಭಾಗ ಯಾವುದೆಂಬುದೂ ಹೊರಬರಲಿ. ನೀವು ವಿಜ್ಞಾನ ಶಿಕ್ಷಕರಾದ್ದರಿಂದ ಆಮ್ಲ ಮತ್ತು ಪ್ರತ್ಯಾಮ್ಲದ ಪಾಠ ಮಾಡುವಾಗ, ಕುಡಿಯುವ ನೀರಿನ ಗುಣಮಟ್ಟ ಪರೀಕ್ಷಿಸುವವರ ಕೆಲಸವನ್ನು ಐದು ನಿಮಿಷ ವಿವರಿಸಬಹುದು. ಇದಕ್ಕೆ ಪ್ರತ್ಯೇಕ ಅವಧಿಯೇ ಬೇಡ.

ಆದರೆ ಒಂದನ್ನು ಮಾತ್ರ ಸಮಯ ಎತ್ತಿಟ್ಟೇ ಮಾಡಬೇಕು: ಪ್ರತಿ ವಿದ್ಯಾರ್ಥಿಯೊಡನೆ ಏಕಾಂತದಲ್ಲಿ ಮಾತುಕತೆ. ಇಂಗ್ಲೆಂಡಿನಲ್ಲಿ ಶಾಲೆಗಳಿಗಾಗಿ 2014ರಲ್ಲಿ ರೂಪಿಸಿದ, ವೃತ್ತಿ ಮಾರ್ಗದರ್ಶನ ಹೇಗಿರಬೇಕೆಂದು ಹೇಳುವ ಎಂಟು ಗ್ಯಾಟ್ಸ್‌ಬಿ ಮಾನದಂಡಗಳಲ್ಲಿ, 16ನೆಯ ವಯಸ್ಸಿನೊಳಗೆ ಪ್ರತಿಯೊಬ್ಬರಿಗೂ ಒಮ್ಮೆ, 18ರೊಳಗೆ ಇನ್ನೊಮ್ಮೆ ಇಂತಹ ಅವಕಾಶ ಸಿಗಬೇಕೆಂಬುದೂ ಒಂದು. ಈ ಮಾತುಕತೆಯಲ್ಲಿ ಮೊದಲ ಹತ್ತು ನಿಮಿಷ ಸಲಹೆ ಕೊಡಬೇಡಿ ಎಂಬುದೊಂದೇ ನನ್ನ ವಿನಂತಿ. ಮಗು ಹೇಳುವ ಮೊದಲ ಉತ್ತರ ಮನೆಯವರದ್ದೋ ಗೆಳೆಯರದ್ದೋ ಆಗಿರುತ್ತದೆ. ಸ್ವಂತದ್ದು ಹೊರಬರಲು ಸ್ವಲ್ಪ ಮೌನ ಬೇಕಾಗುತ್ತದೆ. ಮುಗಿದ ಮೇಲೆ ಎರಡು ಸಾಲು ಬರೆದಿಟ್ಟರೆ ಮುಂದಿನ ವರ್ಷ ಅಲ್ಲಿಂದಲೇ ಮಾತು ಮುಂದುವರಿಸಬಹುದು.

ಪ್ರಶ್ನೆ: ನನಗೆ 16 ವರ್ಷ. ಗೆಳೆಯರೆಲ್ಲ ಏನಾಗಬೇಕೆಂದು ತೀರ್ಮಾನಿಸಿದ್ದಾರೆ. ನನಗೆ ಯಾವುದರಲ್ಲೂ ವಿಶೇಷ ಆಸಕ್ತಿಯಿಲ್ಲ. ನಾನು ಹಿಂದೆ ಬಿದ್ದಿದ್ದೇನೆಯೇ?

ಉತ್ತರ: ಇಲ್ಲ. ವೃತ್ತಿಜೀವನದ ಹಂತಗಳನ್ನು ವಿವರಿಸಿದ ಡೊನಾಲ್ಡ್ ಸೂಪರ್, ಸುಮಾರು 15ರಿಂದ 24ನೆಯ ವಯಸ್ಸಿನವರೆಗಿನ ಕಾಲವನ್ನೇ ಅನ್ವೇಷಣೆಯ ಹಂತವೆಂದು ಕರೆದರು. ನೀನು ಅದರ ಹೊಸ್ತಿಲಲ್ಲಿದ್ದೀಯ. ಗೆಳೆಯರ ತೀರ್ಮಾನಗಳಲ್ಲಿ ಕೆಲವಾದರೂ ಮುಂದೆ ಬದಲಾಗುತ್ತವೆ, ಅದು ಅವರ ಸೋಲೂ ಅಲ್ಲ. ಆದರೆ ವೃತ್ತಿಯ ತೀರ್ಮಾನ ಕಾಯಬಹುದಾದರೂ ವಿಷಯಗಳ ಆಯ್ಕೆ ಕಾಯುವುದಿಲ್ಲ. ಉದಾಹರಣೆಗೆ ಗಣಿತವನ್ನು ಈಗ ಬಿಟ್ಟರೆ ಮುಂದೆ ಅನೇಕ ಕೋರ್ಸುಗಳ ಬಾಗಿಲು ಮುಚ್ಚುತ್ತದೆ, ಅದನ್ನು ಮತ್ತೆ ತೆರೆಯಲು ವರ್ಷಗಳೇ ಬೇಕಾಗಬಹುದು. ಆದ್ದರಿಂದ ನಿನ್ನ ಮುಂದಿರುವ ವಿಷಯಗಳ ಪಟ್ಟಿಯನ್ನು ಹಿಡಿದು ಈ ವಾರವೇ ಶಾಲೆಯ ಸಮಾಲೋಚಕರ ಬಳಿ ಅಥವಾ ನಂಬಿಕೆಯ ಶಿಕ್ಷಕರ ಬಳಿ ಹೋಗು. ‘ನಾನು ಏನಾಗಲಿ?’ ಎಂದು ಕೇಳಬೇಡ. ಒಂದೊಂದು ವಿಷಯವನ್ನೂ ತೋರಿಸಿ, ‘ಇದನ್ನು ಬಿಟ್ಟರೆ ನನಗೆ ಯಾವ ಯಾವ ಕೋರ್ಸು ಸಿಗುವುದಿಲ್ಲ?’ ಎಂದು ಕೇಳಿ, ಅವರು ಹೇಳಿದ್ದನ್ನು ಅಲ್ಲೇ ಬರೆದುಕೊ.