ಮರಿ ಇಲ್ಲಿಂದ ಒಯ್ಯಬೇಕೆ, ಅಲ್ಲೇ ತರಬೇಕೆ?

ಪ್ರಶ್ನೆ: ಮಗನ ಸಂಸಾರ ಜರ್ಮನಿಯಲ್ಲಿದೆ. ಡಿಸೆಂಬರ್ ರಜೆಗೆ ಬಳ್ಳಾರಿಗೆ ಬರುತ್ತಾರೆ. ನಮ್ಮ ಓಣಿಯ ನಾಯಿ ಸೆಪ್ಟೆಂಬರ್ 1ಕ್ಕೆ ಮರಿ ಹಾಕಿದೆ. ಅದರಲ್ಲೊಂದನ್ನು ಒಯ್ಯಲೇಬೇಕೆಂದು ಮೊಮ್ಮಕ್ಕಳ ಹಟ. ಜನವರಿಯಲ್ಲಿ ವಾಪಸ್ ಹೋಗುವಾಗ ಜೊತೆಗೇ ಒಯ್ಯಬಹುದೇ?
– ಬಳ್ಳಾರಿಯ ಓದುಗರು

ಉತ್ತರ: ಜನವರಿಗೆ ಆಗದು. ದುಡ್ಡು ಎಷ್ಟು ಸುರಿದರೂ ಆಗದು, ಯಾಕೆಂದರೆ ಇಲ್ಲಿ ಬೇಕಾಗುವುದು ದಿನಗಳು. ನೀವೇ ಕ್ಯಾಲೆಂಡರ್ ಹಿಡಿದು ಎಣಿಸಿ. ಐರೋಪ್ಯ ಒಕ್ಕೂಟ ಒಪ್ಪುವ ರೇಬಿಸ್ ಲಸಿಕೆ ಮರಿಗೆ 12 ವಾರ ತುಂಬಿದ ಮೇಲಿನದು. ಅಂದರೆ ನವೆಂಬರ್ 24. ಅದಾಗಿ ಕನಿಷ್ಠ 30 ದಿನ ಬಿಟ್ಟು ರಕ್ತ ತೆಗೆಯಬೇಕು, ಅದು ಡಿಸೆಂಬರ್ 24. ಆ ರಕ್ತದ ಸೀರಮ್ (ತಿಳಿ ದ್ರವ) ಒಕ್ಕೂಟದ ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಹೋಗಿ, ಪ್ರತಿಕಾಯದ ಮಟ್ಟ ಮಿಲಿಲೀಟರಿಗೆ 0.5 ಯೂನಿಟ್ ಅಥವಾ ಹೆಚ್ಚು ಎಂದು ಬರಬೇಕು. ಬಂದರೂ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಲೇಬೇಕು. ಮಾರ್ಚ್ 24ಕ್ಕೆ ಮೊದಲು ಮರಿ ಅಲ್ಲಿ ಇಳಿಯುವಂತಿಲ್ಲ. ಅಷ್ಟರಲ್ಲಿ ಅದಕ್ಕೆ ಆರೂವರೆ ತಿಂಗಳು ದಾಟಿರುತ್ತದೆ, ಮಕ್ಕಳು ಕಂಡ ಅಂಗೈ ಗಾತ್ರದ ಮರಿ ಅದಾಗಿರುವುದಿಲ್ಲ.

ಕೆಲಸ ಕೆಡುವುದು ಹೆಚ್ಚಾಗಿ ಚರ್ಮದಡಿ ಹಾಕುವ ಗುರುತಿನ ಚಿಪ್ ಹತ್ತಿರ. 15 ಅಂಕಿಯ ಐಎಸ್‌ಒ ಮೈಕ್ರೋಚಿಪ್ ಮೊದಲು, ರೇಬಿಸ್ ಲಸಿಕೆ ಆಮೇಲೆ. ಒಂದೇ ದಿನ ಹಾಕಿಸಿದರೂ ಈ ಕ್ರಮ ತಪ್ಪಬಾರದು. ಊರಲ್ಲಿ ಲಸಿಕೆ ಮುಗಿಸಿ ‘ಚಿಪ್ ಆಮೇಲೆ ನೋಡೋಣ’ ಎಂದರೆ ಆ ಲಸಿಕೆ ಲೆಕ್ಕಕ್ಕೇ ಬರುವುದಿಲ್ಲ, ಮತ್ತೆ ಮೊದಲಿನಿಂದ. ಚಿಪ್ ಹಾಕಿದ ಕೂಡಲೇ ಸ್ಕ್ಯಾನರ್ ಹಿಡಿಸಿ ಸಂಖ್ಯೆ ಓದಿಸಿ. ಲಸಿಕೆ ಪುಸ್ತಕ, ರಕ್ತದ ಶೀಶೆ, ವರದಿ, ಆರೋಗ್ಯ ಪತ್ರ, ನಾಲ್ಕರಲ್ಲೂ ಅದೇ 15 ಅಂಕಿ ಇರಬೇಕು. ಒಂದು ಅಂಕಿ ತಪ್ಪಿದರೆ ಕಾಗದದ ಮೇಲೆ ಅದು ಬೇರೆ ನಾಯಿ.

ಕೊನೆಯ ಹಂತದ ರಫ್ತು ಆರೋಗ್ಯ ಪತ್ರಕ್ಕೆ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಗೆ ಹೋಗಬೇಕು. ಬಳ್ಳಾರಿಯಲ್ಲಿ ಅದಿಲ್ಲ, ಬೆಂಗಳೂರಿಗೋ ಹೈದರಾಬಾದಿಗೋ ಹೊರಡಬೇಕು. ಪತ್ರ ನೀಡಿದ 10 ದಿನದೊಳಗೆ ಮರಿ ಯುರೋಪ್ ತಲುಪಬೇಕು. ‘ಅವರು ಹೋಗಲಿ, ಮಾರ್ಚಿನಲ್ಲಿ ನಾನೇ ಕಾರ್ಗೋದಲ್ಲಿ ಕಳಿಸುತ್ತೇನೆ’ ಎಂದುಕೊಂಡಿದ್ದರೆ ಇನ್ನೊಂದು ತೊಡಕಿದೆ. ಒಡೆಯರ ಪ್ರಯಾಣಕ್ಕೂ ಮರಿಯ ಪ್ರಯಾಣಕ್ಕೂ 5 ದಿನಕ್ಕಿಂತ ಹೆಚ್ಚು ಅಂತರವಾದರೆ ಅದನ್ನು ಸಾಕುಪ್ರಾಣಿಯ ಸಾಗಣೆ ಎಂದಲ್ಲ, ವ್ಯಾಪಾರದ ಸಾಗಣೆ ಎಂದು ನೋಡುತ್ತಾರೆ.

ನಮ್ಮ ಮಾತು ಕೇಳುವುದಾದರೆ ಓಣಿಯ ಮರಿಗೆ ಓಣಿಯಲ್ಲೇ ಮನೆ ಹುಡುಕಿ, ಅವರು ಅಲ್ಲೇ ತರಲಿ. ಅಲ್ಲಿ 8 ವಾರಕ್ಕೆ ಮೊದಲು ತಾಯಿಯಿಂದ ಮರಿ ಬಿಡಿಸುವಂತಿಲ್ಲ. ಒಕ್ಕೂಟದ ಬೇರೆ ದೇಶದಿಂದ ಬಂದ ಮರಿಯಾದರೆ 15 ವಾರ ತುಂಬಿರಲೇಬೇಕು (12 ವಾರಕ್ಕೆ ಲಸಿಕೆ, ಮೇಲೆ 21 ದಿನ). ಹಾಗಾಗಿ ‘ಪಕ್ಕದ ದೇಶದ ಮರಿ, 9 ವಾರ, ಪಾರ್ಕಿಂಗ್ ಜಾಗದಲ್ಲಿ ಕೊಡುತ್ತೇವೆ’ ಎನ್ನುವವರು ಕಳ್ಳಸಾಗಣೆಯವರೇ. ತಾಯಿ ನಾಯಿಯನ್ನು ತೋರಿಸದವರ ಹತ್ತಿರ ಕೊಳ್ಳಬೇಡಿ. ಮನೆ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ನಗರಸಭೆಗೆ ನಾಯಿ ತೆರಿಗೆಯೂ ಕಟ್ಟಬೇಕಾಗುತ್ತದೆ, ಮೊತ್ತ ಊರಿನಿಂದ ಊರಿಗೆ ಬೇರೆ.

ಪ್ರಶ್ನೆ: ಮಗಳು, ಅಳಿಯ ಅಮೆರಿಕದಲ್ಲಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಮೂರನೇ ಮಹಡಿಯ ಮನೆ. ಎರಡು ತಿಂಗಳ ಮರಿ ತರುತ್ತಾರಂತೆ. ನಡೆದೀತೇ?
– ರಾಯಚೂರಿನ ಓದುಗರು

ಉತ್ತರ: ನಡೆಯುವುದು ಮೊದಲ ಎರಡು ತಿಂಗಳು ಮನೆಯಲ್ಲಿ ಯಾರಾದರೂ ಇದ್ದರೆ ಮಾತ್ರ. ಮೂತ್ರ ತಡೆಯುವ ಶಕ್ತಿ ಸುಮಾರಾಗಿ ತಿಂಗಳಿಗೊಂದು ಗಂಟೆ, ಮೇಲೊಂದು. ಎರಡು ತಿಂಗಳ ಮರಿಗೆ ಹೆಚ್ಚೆಂದರೆ ಮೂರು ಗಂಟೆ, ಎಚ್ಚರವಿದ್ದಾಗ ಅದೂ ಇಲ್ಲ. ನಿದ್ದೆಯಿಂದ ಎದ್ದೊಡನೆ, ಉಂಡ ಮೇಲೆ, ಆಡಿದ ಮೇಲೆ ಹೊರಗೆ ಒಯ್ಯಬೇಕು. ರಾಯಚೂರಿನ ಅಂಗಳದಲ್ಲಿ ಮರಿ ತಾನೇ ಮೂಲೆ ಹುಡುಕಿಕೊಳ್ಳುತ್ತದೆ. ಅಲ್ಲಿ ಬೂಟು, ಜಾಕೆಟ್ಟು ಹಾಕಿ ಲಿಫ್ಟಿಗೆ ಕಾಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಹಾಗಾಗಿ ಎತ್ತಿಕೊಂಡೇ ಇಳಿಯಬೇಕು. ಒಳಗೆ ಮಾಡಿದ್ದನ್ನು ಅಮೋನಿಯ ಇರುವ ಕ್ಲೀನರಿನಿಂದ ಒರೆಸಿದರೆ ಆ ವಾಸನೆಗೆ ಮರಿ ಮತ್ತೆ ಅಲ್ಲಿಗೇ ಬರುತ್ತದೆ. ಎನ್‌ಜೈಮ್ ಕ್ಲೀನರ್ ತರಲಿ.

ಪಾರ್ವೋ (ಮರಿಗಳಿಗೆ ವಾಂತಿ-ಭೇದಿ ತರುವ ವೈರಸ್ ರೋಗ) ಲಸಿಕೆಯ ಸರಣಿ 16 ವಾರದ ಹೊತ್ತಿಗೆ ಮುಗಿಯುತ್ತದೆ. ಅಲ್ಲಿಯವರೆಗೆ ಬೇರೆ ನಾಯಿಗಳು ಓಡಾಡುವ ನೆಲದಲ್ಲಿ ಬಿಡಬಾರದು. ಆದರೆ ಮನೆಯೊಳಗೇ ಮುಚ್ಚಿಟ್ಟರೆ ಅಂಜುಬುರುಕ ನಾಯಿಯಾಗುತ್ತದೆ. ಜನ, ಬಸ್ಸು, ಮಕ್ಕಳ ಗದ್ದಲ ಎಲ್ಲ ರೂಢಿಯಾಗುವ ವಯಸ್ಸು 14 ವಾರದೊಳಗಿನದು. ಕೈಯಲ್ಲಿ ಎತ್ತಿಕೊಂಡು ತಿರುಗಾಡಿಸಲಿ. ಹಿಮ ಬೀಳುವ ಊರಾದರೆ ವಸಂತದವರೆಗೆ ತಡೆಯುವುದು ಜಾಣತನ.

ಅಂದಹಾಗೆ ಭಾರತದಿಂದ ಒಯ್ಯುವ ಯೋಚನೆ ಇದ್ದರೆ ಬಿಡಲಿ. 2024ರ ಆಗಸ್ಟ್ 1ರಿಂದ 6 ತಿಂಗಳಾಗದ ನಾಯಿಗೆ ಅಮೆರಿಕಕ್ಕೆ ಪ್ರವೇಶವೇ ಇಲ್ಲ.

ಪ್ರಶ್ನೆ: ಐದು ವರ್ಷ ದುಬೈನಲ್ಲಿದ್ದ ನನ್ನ ತಮ್ಮ, ನಾಯಿಯೊಂದಿಗೆ ಕಾಯಂ ಆಗಿ ಕೊಪ್ಪಳಕ್ಕೆ ಬರುತ್ತಿದ್ದಾನೆ. ಏನೇನು ನೋಡಿಕೊಳ್ಳಬೇಕು?
– ಕೊಪ್ಪಳದ ಓದುಗರು

ಉತ್ತರ: ವಾಸ ಬದಲಿಸಿ ಬರುವವರಿಗೆ ದಾರಿ ಇದೆ, ರಜೆಗೆ ಬರುವವರಿಗೆ ಕಷ್ಟ. ರೇಬಿಸ್ ಲಸಿಕೆ ಹೊರಡುವ ಹೊತ್ತಿಗೆ ಒಂದು ತಿಂಗಳಿಗಿಂತ ಹಳೆಯದು, 12 ತಿಂಗಳೊಳಗಿನದು ಆಗಿರಬೇಕು. ಕ್ವಾರಂಟೈನ್ ಕಚೇರಿಯ ನಿರಾಕ್ಷೇಪಣ ಪತ್ರ ಮೊದಲೇ ಕೈಗೆ ಬಂದಿರಲಿ, ಇಳಿಯುವುದೂ ಆ ಕಚೇರಿ ಇರುವ ವಿಮಾನ ನಿಲ್ದಾಣದಲ್ಲೇ. ಏಪ್ರಿಲ್, ಮೇ ಬೇಡ. ಪಗ್‌ನಂಥ ಚಪ್ಪಟೆ ಮೂಗಿನದಾದರೆ ಸೆಕೆಯಲ್ಲಿ ಉಸಿರೇ ಕಟ್ಟುತ್ತದೆ. ಬಂದ ದಿನದಿಂದಲೇ ಉಣ್ಣೆ ಹುಳದ ಔಷಧಿ ಶುರು ಮಾಡಿ. ಎಸಿ ಮನೆಯಲ್ಲಿ ಬೆಳೆದ ನಾಯಿಗೆ ನಮ್ಮ ಉಣ್ಣೆ ಜ್ವರದ ಪರಿಚಯವಿರುವುದಿಲ್ಲ.

ಪ್ರಶ್ನೆ: ಆರು ತಿಂಗಳು ವಿದೇಶದಲ್ಲಿರುವ ಮಗಳ ಮನೆಗೆ ಹೊರಟಿದ್ದೇನೆ. ಅಲ್ಲಿ ಮರಿ ಇದೆ. ನಮ್ಮ ಅಡುಗೆ ಕೊಡಬಹುದೇ?
– ಗಂಗಾವತಿಯ ಓದುಗರು

ಉತ್ತರ: ಉಪ್ಪು, ಖಾರ ಇಲ್ಲದ ಅನ್ನ, ಜೋಳದ ರೊಟ್ಟಿಯ ಚೂರು ಅಪರೂಪಕ್ಕೆ ಸರಿ. ಒಗ್ಗರಣೆ ಹಾಕಿದ್ದು ಬೇಡವೇ ಬೇಡ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಸಿಯಾಗಲಿ ಬೆಂದದ್ದಾಗಲಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ತಿಂದ ದಿನ ಏನೂ ಕಾಣದು, ಕೆಲವು ದಿನ ಕಳೆದ ಮೇಲೆ ಒಸಡು ಬಿಳಿಚಿಕೊಂಡು ಮೂತ್ರ ಕೆಂಪಗಾಗುತ್ತದೆ. ಹಾಗಾಗಿ ಮಂಡಕ್ಕಿ ಒಗ್ಗರಣೆಯ ತಟ್ಟೆ ಮರಿಗೆ ಎಟುಕದ ಕಡೆ ಇಡಿ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ವಿಷ. ಶೇಂಗಾ ತಿನ್ನುವ ನಾಡಿನವರು ಇನ್ನೊಂದು ನೋಡಬೇಕು: ಅಲ್ಲಿನ ಕೆಲವು ಡಬ್ಬಿ ಶೇಂಗಾ ಬೆಣ್ಣೆಯಲ್ಲಿ ಸಕ್ಕರೆ ಬದಲು ಜೈಲಿಟಾಲ್ ಹಾಕಿರುತ್ತಾರೆ. ಅದು ಹೊಟ್ಟೆಗೆ ಹೋದ ಒಂದು ಗಂಟೆಯೊಳಗೇ ಮರಿಯ ರಕ್ತದ ಸಕ್ಕರೆ ಕುಸಿದು ತೂಕಡಿಸಿ ಬೀಳಬಹುದು. ಚಮಚ ಅದ್ದುವ ಮುನ್ನ ಡಬ್ಬಿಯ ಮೇಲಿನ ಪಟ್ಟಿಯನ್ನು ಮಗಳಿಂದ ಓದಿಸಿ.