ಹುಟ್ಟಿದ ಊರೋ, ಅಚ್ಚಾದ ಊರೋ?

ಶಿರಸಿಯ ಓದುಗರೊಬ್ಬರ ಪತ್ರ: ‘ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ “ಬಾಸೆಲ್‌ನ ಗಣ್ಯರು” ಚೌಕಟ್ಟು ನೋಡಿ ಬೇಸರವಾಯಿತು. ವಿದ್ವಾಂಸ ಎರಾಸ್ಮಸ್ ಡಚ್ಚರವನು, ಚಿತ್ರಕಾರ ಹೋಲ್ಬೈನ್ ಆಗ್ಸ್‌ಬರ್ಗ್‌ನವನು, ಅಂಗರಚನೆಯ ಪಂಡಿತ ವೆಸೇಲಿಯಸ್ ಬ್ರಸೆಲ್ಸ್‌ನವನು, ತತ್ತ್ವಜ್ಞಾನಿ ನೀಚೆ ಜರ್ಮನಿಯವನು. ಇವರೆಲ್ಲ ಬಾಸೆಲ್‌ನವರು ಹೇಗಾದರು? ಅಲ್ಲೇ ಹುಟ್ಟಿ ಬೆಳೆದ ರೋಜರ್ ಫೆಡರರ್ ಅವರಿಗೆ ಒಂದೇ ಸಾಲು. ಗಣಿತಜ್ಞ ಡೇನಿಯಲ್ ಬರ್ನುಲಿಯಂಥ ಅಪ್ಪಟ ಬಾಸೆಲಿಗನ ಹೆಸರೇ ಇಲ್ಲ. ಆಲ್ಬರ್ಟ್ ಹಾಫ್‌ಮನ್ ಬಾಸೆಲ್‌ನಲ್ಲಿ ಹುಟ್ಟಿದರೆಂದು ಬರೆದಿದ್ದೀರಿ, ತಪ್ಪು. ಹುಟ್ಟಿದ ಊರು ನೋಡಿ ಪಟ್ಟಿ ಮಾಡಿ, ವಾದವೇ ಇರುವುದಿಲ್ಲ.’

ಸಂಪಾದಕರ ಉತ್ತರ:

ಮೊದಲು ನಮ್ಮ ತಪ್ಪು. ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿ ಮದ್ದನ್ನು ಕಂಡುಹಿಡಿದ ಹಾಫ್‌ಮನ್ 1906ರಲ್ಲಿ ಹುಟ್ಟಿದ್ದು ಬಾಡೆನ್ ಎಂಬ ಬೇರೆ ಊರಿನಲ್ಲಿ. ಬಾಸೆಲ್‌ನಲ್ಲಿದ್ದದ್ದು ಅವರ ಪ್ರಯೋಗಶಾಲೆ. ತಿದ್ದಿಕೊಂಡಿದ್ದೇವೆ. ಫೆಡರರ್ ವಿಷಯದಲ್ಲೂ ನಿಮ್ಮ ಮಾತು ಸರಿ. 1981ರ ಆಗಸ್ಟ್ 8ರಂದು ಅಲ್ಲಿಯೇ ಹುಟ್ಟಿದರು, ಊರಿನ ಟೆನಿಸ್ ಪಂದ್ಯಾವಳಿಯಲ್ಲಿ ಚೆಂಡು ಹೆಕ್ಕುವ ಹುಡುಗನಾಗಿದ್ದರು, ಮುಂದೆ ಅದೇ ಪಂದ್ಯಾವಳಿಯನ್ನು ಹತ್ತು ಸಲ ಗೆದ್ದರು. ಇನ್ನೊಂದು ಸಾಲು ಕೊಡಬಹುದಿತ್ತು, ಕೊಡುತ್ತೇವೆ.

ಆದರೆ ಹುಟ್ಟಿದ ಊರಿನ ಅಳತೆಗೋಲು ನಿಮ್ಮ ಕೈಯಲ್ಲೇ ಮುರಿದಿದೆ, ಗಮನಿಸಿದಿರಾ? ನಿಮ್ಮ ‘ಅಪ್ಪಟ ಬಾಸೆಲಿಗ’ ಡೇನಿಯಲ್ ಬರ್ನುಲಿ 1700ರಲ್ಲಿ ಹುಟ್ಟಿದ್ದು ನೆದರ್ಲೆಂಡ್ಸ್‌ನ ಗ್ರೋನಿಂಗನ್‌ನಲ್ಲಿ. ಅಪ್ಪ ಯೋಹಾನ್ ಆಗ ಅಲ್ಲಿ ಪ್ರಾಧ್ಯಾಪಕ. ಮನೆತನದ ಮೂಲ ಆ್ಯಂಟ್‌ವರ್ಪ್. ಇತ್ತ ಗಣಿತಜ್ಞ ಆಯ್ಲರ್ 1707ರಲ್ಲಿ ಬಾಸೆಲ್‌ನಲ್ಲೇ ಹುಟ್ಟಿದ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪೀಠ ಕೇಳಿದ, ಸಿಗಲಿಲ್ಲ. 1727ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೊರಟವನು ಮತ್ತೆ ಊರಿಗೆ ಕಾಲಿಡಲಿಲ್ಲ. ಒಂದರಲ್ಲಿ ಒಂದು, ನಾಲ್ಕರಲ್ಲಿ ಒಂದು, ಒಂಬತ್ತರಲ್ಲಿ ಒಂದು, ಹದಿನಾರರಲ್ಲಿ ಒಂದು ಎಂದು ಕೊನೆಯಿಲ್ಲದೆ ಕೂಡುತ್ತ ಹೋದರೆ ಬರುವ ಮೊತ್ತಕ್ಕೆ ‘ಬಾಸೆಲ್ ಸಮಸ್ಯೆ’ ಎಂದು ಹೆಸರು. ಬಾಸೆಲ್‌ನಲ್ಲಿ ಕೂತ ಬರ್ನುಲಿಗಳಿಗೆ ಅದು ಬಗೆಹರಿಯಲಿಲ್ಲ. ಪೈ ವರ್ಗವನ್ನು ಆರರಿಂದ ಭಾಗಿಸಿದರೆ ಉತ್ತರ, ಅಂದರೆ ಸುಮಾರು 1.6449, ಎಂದು ತೋರಿಸಿದವನು ಊರು ಬಿಟ್ಟುಹೋದ ಆಯ್ಲರ್. ಬಿಡಿಸಲಾಗದ ಲೆಕ್ಕಕ್ಕೆ ಊರಿನ ಹೆಸರು, ಬಿಡಿಸಿದವನಿಗೆ ಊರಿನಲ್ಲಿ ಕೆಲಸವಿಲ್ಲ. ಇನ್ನು ಜನ್ಮಸ್ಥಳದ ಪಟ್ಟಿಯಿಂದ ಯಾವ ವಾದ ಮುಗಿಯುತ್ತದೆ ಹೇಳಿ.

ನಮ್ಮ ಅಳತೆ ಬೇರೆ. ಅಲ್ಲಿಗೆ ಯಾರು ಬಂದರು, ಯಾಕೆ ಬಂದರು, ಬಂದವರ ಕೆಲಸಕ್ಕೆ ಊರು ಏನು ಕೊಟ್ಟಿತು ಎಂದು ನೋಡಬೇಕು. ಬಾಸೆಲ್‌ನ ಮಟ್ಟಿಗೆ ಉತ್ತರ ಕಾಗದ, ಅಚ್ಚಿನ ಮೊಳೆ ಮತ್ತು ಕರಡು ತಿದ್ದುವವನ ಕಣ್ಣು.

ಕಾಗದದಿಂದಲೇ ಶುರು ಮಾಡೋಣ. 1431ರಿಂದ 1448ರವರೆಗೆ ಅಲ್ಲಿ ಚರ್ಚಿನ ಮಹಾಸಭೆ ಕೂತಿತ್ತು. ಪಾದ್ರಿಗಳು, ವಕೀಲರು, ಗುಮಾಸ್ತರು ಊರು ತುಂಬಿದ್ದರು, ಬರೆದಷ್ಟೂ ಕಾಗದ ಸಾಲುತ್ತಿರಲಿಲ್ಲ. 1433ರ ಹೊತ್ತಿಗೆ ಹೈನ್ರಿಖ್ ಹಾಲ್ಬಿಸನ್ ಎಂಬ ವರ್ತಕ ಕಾಗದದ ಗಿರಣಿ ಹಾಕಿದ. ಬಳಿಕ ಸೇಂಟ್ ಆಲ್ಬನ್ ಕಣಿವೆಯ ಕಾಲುವೆಯ ಮೇಲೆ ಇಂಥ ಗಿರಣಿಗಳು ಸಾಲುಗಟ್ಟಿದವು. ಕೆಲಸ ಸುಲಭದ್ದಲ್ಲ. ಹಳೆಯ ನಾರುಬಟ್ಟೆಯ ಚಿಂದಿಯನ್ನು ಆರಿಸಿ, ಚೂರು ಮಾಡಿ, ನೆನೆಹಾಕಿ ಕೊಳೆಸಬೇಕು. ನೀರಿನ ಚಕ್ರದಿಂದ ಏಳುವ ಒನಕೆಗಳ ಕೆಳಗೆ ಅದು ಗಂಜಿಯಾಗುವ ತನಕ ಕುಟ್ಟಬೇಕು. ತಂತಿಜರಡಿಯ ಚೌಕಟ್ಟನ್ನು ಗಂಜಿಯಲ್ಲಿ ಅದ್ದಿ ಎತ್ತಿ, ಒಮ್ಮೆ ಉದ್ದಕ್ಕೆ ಒಮ್ಮೆ ಅಡ್ಡಕ್ಕೆ ಅಲುಗಿಸಿದರೆ ನಾರು ಹೆಣೆದುಕೊಳ್ಳುತ್ತದೆ. ಹಾಳೆಯನ್ನು ಉಣ್ಣೆಗಂಬಳಿಯ ಮೇಲೆ ಕವುಚಿ, ಒತ್ತಿ ನೀರು ತೆಗೆದು, ಹಗ್ಗದ ಮೇಲೆ ಒಣಗಿಸಿ, ಕೊನೆಗೆ ಚರ್ಮ ಗೊರಸು ಕುದಿಸಿದ ಸರೇಸಿನಲ್ಲಿ ಅದ್ದಬೇಕು. ಸರೇಸು ತಪ್ಪಿದರೆ ಮಸಿ ಹರಡುತ್ತದೆ. ನೀರು ಕದಡಿದ್ದರೆ ಹಾಳೆ ಕಂದುತ್ತದೆ. ಅದಕ್ಕೇ ಗಿರಣಿಗೆ ಕಾಲುವೆಯ ಓಟವೂ ಬೇಕು, ತಿಳಿನೀರೂ ಬೇಕು.

ಅದೇ ಮಹಾಸಭೆಯಲ್ಲಿ ಓಡಾಡಿದ್ದ ಪಿಕ್ಕೊಲೊಮಿನಿ ಮುಂದೆ ಎರಡನೇ ಪಯಸ್ ಎಂಬ ಹೆಸರಿನ ಪೋಪ್ ಆಗಿ ಅಪ್ಪಣೆ ಕೊಟ್ಟ, 1460ರಲ್ಲಿ ಬಾಸೆಲ್‌ನಲ್ಲಿ ವಿಶ್ವವಿದ್ಯಾಲಯ ಶುರುವಾಯಿತು. ಕಾಗದ ಇತ್ತು, ಓದಿದವರು ಸೇರಿದರು, ಗುಟೆನ್‌ಬರ್ಗ್‌ನ ಬಳಿ ಪಳಗಿದ ಬೆರ್ಟೋಲ್ಟ್ ರುಪ್ಪೆಲ್ ಅಚ್ಚಿನ ಕೆಲಸ ತಂದ. ಆಮೇಲೆ ಯೋಹಾನ್ ಆಮೆರ್ಬಾಖ್, ಅವನ ಬಳಿಕ ಯೋಹಾನ್ ಫ್ರೋಬೆನ್. ಫ್ರೋಬೆನ್ ಕೂಡ ಹೊರಗಿನವನೇ, ಫ್ರಾಂಕೋನಿಯದ ಹಾಮೆಲ್‌ಬರ್ಗ್‌ನವನು.

ಎರಾಸ್ಮಸ್ 1514ರಲ್ಲಿ ಬಂದದ್ದು ಈ ಫ್ರೋಬೆನ್‌ನ ಅಚ್ಚುಕೂಟಕ್ಕೆ. ಬೈಬಲಿನ ಹೊಸ ಒಡಂಬಡಿಕೆ ಗ್ರೀಕಿನಲ್ಲಿ, ಪಕ್ಕದಲ್ಲಿ ಲ್ಯಾಟಿನ್, ಹಿಂದೆ ಟಿಪ್ಪಣಿ: ಸುಮಾರು 1,000 ಪುಟ. 1515ರ ಅಕ್ಟೋಬರಿನಲ್ಲಿ ಹಿಡಿದ ಕೆಲಸ 1516ರ ಮಾರ್ಚಿಗೆ ಮುಗಿಯಿತು. ಗ್ರೀಕಿನಲ್ಲಿ ಸ್ವರದಿಂದ ಶುರುವಾಗುವ ಪದಕ್ಕೆ ಉಸಿರಿನ ಗುರುತು, ಹೆಚ್ಚಿನ ಪದಗಳಿಗೆ ಒತ್ತಿನ ಗುರುತು. ನಮ್ಮ ಕಾಗುಣಿತ ಒತ್ತಕ್ಷರದ ಮೊಳೆ ಜೋಡಿಸಿದವರಿಗೆ ಆ ಕಷ್ಟ ಹೇಳಬೇಕಾಗಿಲ್ಲ. ಕರಡು ತಿದ್ದಲು ಇಬ್ಬರು ವಿದ್ವಾಂಸರು, ಇಕೊಲಂಪಾಡಿಯಸ್ ಮತ್ತು ಗೆರ್ಬೆಲ್, ಕೂತಿದ್ದರು. ಆದರೂ ತಪ್ಪು ತುಂಬಿತು, ಯಾಕೆಂದರೆ ಒಂದು ಕಡೆ ಎರಾಸ್ಮಸ್ ಬರೆಯುತ್ತಿದ್ದ, ಇನ್ನೊಂದು ಕಡೆ ಯಂತ್ರ ಓಡುತ್ತಿತ್ತು. ಪುಸ್ತಕ ಸಂಪಾದನೆಯಾಗಲಿಲ್ಲ, ಅವಸರಕ್ಕೆ ಹೊರಬಿತ್ತು ಎಂದು ಆತನೇ ಒಪ್ಪಿಕೊಂಡಿದ್ದಾನೆ.

ಅದರಲ್ಲಿ ಒಂದು ತಪ್ಪಂತೂ ಕರಡು ತಿದ್ದುವವರೆಲ್ಲ ನೆನಪಿಡಬೇಕಾದದ್ದು. ಹೊಸ ಒಡಂಬಡಿಕೆಯ ಕೊನೆಯ ಭಾಗವಾದ ‘ಪ್ರಕಟನೆ’ಗೆ ಎರಾಸ್ಮಸ್ ಬಳಿ ಇದ್ದದ್ದು ಒಂದೇ ಗ್ರೀಕ್ ಹಸ್ತಪ್ರತಿ, ಅದರ ಕೊನೆಯ ಎಲೆ ಹೋಗಿತ್ತು. ಉಳಿದ ಆರು ವಚನಗಳನ್ನು ಆತ ಲ್ಯಾಟಿನ್ನಿನಿಂದ ತಾನೇ ಗ್ರೀಕಿಗೆ ತಿರುಗಿಸಿದ. ಲ್ಯಾಟಿನ್ ಪ್ರತಿಗಳಲ್ಲಿ ಹಿಂದೆ ಯಾರೋ ‘ಲಿಗ್ನೊ’ (ಮರ) ಎಂಬುದನ್ನು ‘ಲಿಬ್ರೊ’ (ಪುಸ್ತಕ) ಮಾಡಿಟ್ಟಿದ್ದರು. ಗ್ರೀಕ್ ಹಸ್ತಪ್ರತಿಗಳ ‘ಜೀವವೃಕ್ಷ’ ಹೀಗೆ ‘ಜೀವಪುಸ್ತಕ’ವಾಯಿತು. 1611ರ ಇಂಗ್ಲಿಷ್ ಬೈಬಲಿನಲ್ಲೂ ಪುಸ್ತಕವೇ ಕೂತಿತು. ಮುದ್ರಾರಾಕ್ಷಸನಿಗೆ ವಯಸ್ಸಾಗುವುದಿಲ್ಲ ನೋಡಿ.

ವೈದ್ಯ ಪ್ಯಾರಾಸೆಲ್ಸಸ್ ಬಾಸೆಲ್‌ಗೆ ಬಂದದ್ದಕ್ಕೂ ಇದೇ ಅಚ್ಚುಕೂಟ ಕಾರಣ. ಕತ್ತರಿಸಬೇಕೆಂದಿದ್ದ ಫ್ರೋಬೆನ್‌ನ ಕಾಲನ್ನು ಆತ ಉಳಿಸಿದ, ಆ ಹೆಸರಿನಿಂದ 1527ರಲ್ಲಿ ನಗರವೈದ್ಯನಾದ, ಜರ್ಮನ್ ಭಾಷೆಯಲ್ಲಿ ಪಾಠ ಹೇಳಿ ಪ್ರಾಧ್ಯಾಪಕರ ಕಣ್ಣು ಕೆಂಪಾಗಿಸಿದ, ಮರುವರ್ಷ ಶುಲ್ಕದ ವ್ಯಾಜ್ಯದಲ್ಲಿ ಊರು ಬಿಟ್ಟು ಓಡಿದ. ಒಂದು ವರ್ಷವೂ ಸರಿಯಾಗಿ ನಿಲ್ಲದವನನ್ನು ಪಟ್ಟಿಗೆ ಸೇರಿಸಿದ್ದಕ್ಕೆ ನೀವು ಬೈದಿಲ್ಲ, ಅದೇ ಆಶ್ಚರ್ಯ.

ವೆಸೇಲಿಯಸ್ ವಿಷಯಕ್ಕೆ ಬರುತ್ತೇನೆ, ನಿಮ್ಮ ತಕರಾರು ಅಲ್ಲೇ ಗಟ್ಟಿ. ಆತ ಹುಟ್ಟಿದ್ದು ಬ್ರಸೆಲ್ಸ್, ಪಾಠ ಹೇಳಿದ್ದು ಪಡುವಾ. ಅಲ್ಲಿಂದ ಕೂಗಳತೆಯಲ್ಲಿ ವೆನಿಸ್, ಅಚ್ಚುಕೂಟಗಳ ರಾಜಧಾನಿ. ಹಾಗಿದ್ದೂ ಅಂಗರಚನೆಯ ಚಿತ್ರಗಳನ್ನು ಕೊರೆದ ಮರದಚ್ಚುಗಳನ್ನು 1542ರಲ್ಲಿ ಆಲ್ಪ್ಸ್ ದಾಟಿಸಿ ಬಾಸೆಲ್‌ನ ಮುದ್ರಕ ಒಪೊರಿನಸ್‌ಗೆ ಕಳಿಸಿದ. ಜೊತೆಗಿಟ್ಟ ಪತ್ರ ಇವತ್ತಿನ ವಿನ್ಯಾಸಕಾರರು ಓದಬೇಕಾದದ್ದು: ಪ್ರತಿ ಅಚ್ಚಿಗೂ ಅದರದೇ ಒಂದು ಕರಡಚ್ಚು ಸೇರಿಸಿ, ಯಾವುದು ಎಲ್ಲಿ ಬರಬೇಕೆಂದು ಗುರುತಿಸಿದ್ದ. ಕಾಗದ ದಪ್ಪ ಇರಲಿ, ಒಂದೇ ಸಮ ಇರಲಿ ಎಂದಿದ್ದ. ಇಷ್ಟು ಕಾಳಜಿ ಯಾಕೆ? ಮರದಚ್ಚು ಮತ್ತು ಸೀಸದ ಮೊಳೆ ಒಂದೇ ಚೌಕಟ್ಟಿನಲ್ಲಿ ಬಿಗಿಯಾಗಿ ಕೂರಬೇಕು, ಎರಡರ ಎತ್ತರ ಒಂದೇ ಇರಬೇಕು. ಮರ ಕೂದಲೆಳೆಯಷ್ಟು ತಗ್ಗಿದರೆ ಚಿತ್ರ ಬೂದಿಬಣ್ಣವಾಗುತ್ತದೆ, ಅಡಿಗೆ ಕಾಗದದ ಚೂರು ಕೊಡಬೇಕು. ಎತ್ತರವಾದರೆ ಕಾಗದ ಹರಿಯುತ್ತದೆ, ಪಕ್ಕದ ಸಾಲು ಮೂಡುವುದಿಲ್ಲ. ಅಚ್ಚಿಗೆ ಕಾಗದವನ್ನು ಹದವಾಗಿ ತೇವ ಮಾಡುತ್ತಾರೆ. ತೇವ ಹೆಚ್ಚಾದರೆ ಮರ ಉಬ್ಬಿ ಸೀಳುತ್ತದೆ, ಕಡಿಮೆಯಾದರೆ ಮಸಿ ಹಿಡಿಯುವುದಿಲ್ಲ. ಎಲ್ಲಕ್ಕಿಂತ ಕಷ್ಟದ್ದು ಚಿತ್ರದೊಳಗೆ ಕೊರೆದ ಪುಟ್ಟ ಅಕ್ಷರಗಳು. ಒಂದೊಂದು ಎಲುಬಿಗೆ, ನರಕ್ಕೆ ಒಂದೊಂದು ಅಕ್ಷರ, ಅದರ ವಿವರಣೆ ಪಠ್ಯದಲ್ಲಿ. ಒಂದಕ್ಷರ ಆಚೀಚೆ ಆದರೆ ಒಂದು ಎಲುಬಿನ ಹೆಸರು ಇನ್ನೊಂದಕ್ಕೆ ಹೋಗುತ್ತದೆ. ಅದಕ್ಕೇ ಆತ ಖುದ್ದಾಗಿ ಬಾಸೆಲ್‌ಗೆ ಬಂದು ಅಚ್ಚಿನ ಕೆಲಸದ ಪಕ್ಕದಲ್ಲಿ ನಿಂತ. 1543ರ ಜೂನ್‌ನಲ್ಲಿ ಪುಸ್ತಕ ಹೊರಬಂತು. ಅದೇ ವರ್ಷ ಆತ ಅಲ್ಲಿ ಜೋಡಿಸಿದ ಅಸ್ಥಿಪಂಜರ ಇಂದಿಗೂ ಬಾಸೆಲ್‌ನ ಅಂಗರಚನಾ ಸಂಗ್ರಹಾಲಯದಲ್ಲಿದೆ. ಬಾಸೆಲ್‌ಗೆ ಆತ ಯಾರೂ ಅಲ್ಲ ಎನ್ನುತ್ತೀರಾ?

ನಮ್ಮ ಚೌಕಟ್ಟಿನ ನಿಜವಾದ ಲೋಪ ನಿಮ್ಮ ಕಣ್ಣಿಗೂ ಬೀಳಲಿಲ್ಲ. ಕರಡು ತಿದ್ದುವವರು ಅದರಲ್ಲಿ ಒಬ್ಬರೂ ಇಲ್ಲ. ಸೆಬಾಸ್ಟಿಯನ್ ಕ್ಯಾಸ್ಟೆಲಿಯೊ ಸವಾಯ್ ಸೀಮೆಯವನು. ಜಿನೀವಾದಲ್ಲಿ ಧರ್ಮಸುಧಾರಕ ಕ್ಯಾಲ್ವಿನ್ ಜೊತೆ ಕೂಡಿಬರದೆ ಬಾಸೆಲ್‌ಗೆ ಬಂದು ಒಪೊರಿನಸ್ ಬಳಿ ಕರಡು ತಿದ್ದಿದ. ಸಂಬಳ ಸಾಲದೆ ರೈನ್ ನದಿಯಲ್ಲಿ ತೇಲಿಬಂದ ಕಟ್ಟಿಗೆಯನ್ನು ಕೊಕ್ಕೆ ಹಾಕಿ ಎಳೆದು ಒಲೆ ಉರಿಸಿದ. ಅದನ್ನೂ ಕಳ್ಳತನವೆಂದು ಕ್ಯಾಲ್ವಿನ್ ಚುಚ್ಚಿದ. 1553ರಲ್ಲಿ ಜಿನೀವಾದಲ್ಲಿ ಸರ್ವೆಟಸ್‌ನನ್ನು ಸುಟ್ಟಾಗ, ನಂಬಿಕೆ ಬೇರೆಯೆಂದು ಮನುಷ್ಯನನ್ನು ಕೊಲ್ಲಬಾರದು ಎಂದು ಮರುವರ್ಷವೇ ಸುಳ್ಳು ಹೆಸರು, ಸುಳ್ಳು ಊರು ಹಾಕಿ ಪುಸ್ತಕ ತಂದವನು ಇವನೇ. ಥಾಮಸ್ ಪ್ಲಾಟರ್ ಆಲ್ಪ್ಸ್ ಕಡೆಯ ಆಡು ಕಾಯುವ ಹುಡುಗ. ಬಾಸೆಲ್‌ನಲ್ಲಿ ಹಗ್ಗ ಹೊಸೆಯುತ್ತ, ರಟ್ಟು ಕಟ್ಟದ ಬಿಡಿಹಾಳೆಗಳನ್ನು ಎದುರಿಗೆ ಸಿಕ್ಕಿಸಿಕೊಂಡು ಲ್ಯಾಟಿನ್ ಓದಿದ. ಕರಡು ತಿದ್ದಿದ, ಮುದ್ರಕನಾದ, ಕೊನೆಗೆ ಶಾಲೆಯ ಮುಖ್ಯಸ್ಥನಾದ. ಕ್ಯಾಲ್ವಿನ್‌ನ ಮೊದಲ ದೊಡ್ಡ ಗ್ರಂಥ 1536ರಲ್ಲಿ ಅಚ್ಚಾದದ್ದು ಈ ಪ್ಲಾಟರ್ ಮತ್ತು ಜೊತೆಗಾರನ ಕೈಯಲ್ಲೇ.

ಕಲ್ಲಿನಲ್ಲಿ ಕರಡು ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಾಸೆಲ್‌ನ ಮನ್ಸ್ಟರ್ ಚರ್ಚಿನಲ್ಲಿ ಸಾಕ್ಷಿ ಇದೆ. 1705ರಲ್ಲಿ ತೀರಿಕೊಂಡ ಗಣಿತಜ್ಞ, ಡೇನಿಯಲ್‌ನ ದೊಡ್ಡಪ್ಪ ಯಾಕೋಬ್ ಬರ್ನುಲಿ ತನ್ನ ಸಮಾಧಿಗೆ ತನ್ನ ಪ್ರೀತಿಯ ಲಘುಗಣಕ ಸುರುಳಿ ಬೇಕೆಂದಿದ್ದ. ಅದರಲ್ಲಿ ಸುತ್ತಿನಿಂದ ಸುತ್ತಿಗೆ ಅಂತರ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತದೆ. ಕಲ್ಲುಕುಟಿಗ ಕೆತ್ತಿದ್ದು ಎಲ್ಲ ಸುತ್ತಿಗೂ ಅಂತರ ಒಂದೇ ಇರುವ ಆರ್ಕಿಮಿಡೀಸನ ಸುರುಳಿ. ‘ಬದಲಾದರೂ ಅದೇ ಆಗಿ ಮತ್ತೆ ಏಳುತ್ತೇನೆ’ ಎಂಬ ಬರಹ ಸುತ್ತ, ನಡುವೆ ಆ ತಪ್ಪು ಸುರುಳಿ.

ನಮಗೂ ಬಾಸೆಲ್‌ಗೂ ಇರುವ ನಂಟು ನಿಮಗೆ ಗೊತ್ತೇ ಇದೆ. 1815ರಲ್ಲಿ ಅಲ್ಲಿ ಸ್ಥಾಪನೆಯಾದ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ತಂದದ್ದು ಕಲ್ಲಚ್ಚಿನಲ್ಲಿ: ಜಿಡ್ಡುಮಸಿಯಲ್ಲಿ ಬರೆದದ್ದನ್ನು ಸುಣ್ಣಕಲ್ಲಿಗೆ ಇಳಿಸಿ, ಕಲ್ಲು ಒದ್ದೆ ಮಾಡಿ, ಮಸಿಯ ಉರುಳೆ ಓಡಿಸಿದರೆ ಅಕ್ಷರಕ್ಕಷ್ಟೇ ಮಸಿ ಹಿಡಿಯುತ್ತದೆ. ತಪ್ಪಿದರೆ ಮೊಳೆ ಬದಲಿಸಿದಂತಲ್ಲ, ಕಲ್ಲನ್ನೇ ಕೆರೆಯಬೇಕು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲಿ ಸುಮಾರು 70,000 ಪದ. ಇಬ್ಬರೂ ಹುಟ್ಟಿನಿಂದ ಜರ್ಮನಿಯವರು, ಬಾಸೆಲ್ ಮಿಷನ್‌ನ ಮೂಲಕ ನಮ್ಮವರಾದವರು. ನಿಮ್ಮ ನಿಯಮದಂತೆ ಕಿಟೆಲ್ ಅವರನ್ನು ಕನ್ನಡದ ಗಣ್ಯರ ಪಟ್ಟಿಯಿಂದ ಕಿತ್ತುಹಾಕೋಣವೇ? ನೀವೂ ಒಪ್ಪಲಾರಿರಿ.

ಒಂದು ಸಂಕಟ ಹೇಳಿಬಿಡುತ್ತೇನೆ. ಇಂದು ಕನ್ನಡ ಪುಸ್ತಕಗಳ ಮೊದಲ ಪುಟದಲ್ಲಿ ಮುಖಪುಟದವರ ಹೆಸರಿದೆ, ವಿನ್ಯಾಸದವರ ಹೆಸರಿದೆ, ಕರಡು ತಿದ್ದಿದವರದ್ದು ಹುಡುಕಿದರೆ ಸಿಕ್ಕರೆ ಸಿಕ್ಕಿತು. ಕಂಪ್ಯೂಟರ್ ಇದೆಯಲ್ಲ ಎನ್ನುತ್ತಾರೆ. ಆ ಕಂಪ್ಯೂಟರಿಗೆ ‘ಹಾಲು’ ಸರಿ, ‘ಹಾಳು’ ಕೂಡ ಸರಿ. ಹಳೆಯ ‘ನುಡಿ’ ತಂತ್ರಾಂಶದ ಕಡತವನ್ನು ಯುನಿಕೋಡಿಗೆ ಬದಲಿಸುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಂಟಿಸುವಾಗ ಕಣ್ಣಿಗೆ ಕಾಣದ ಬೇರ್ಪಡಿಕೆ ಚಿಹ್ನೆ ಉದುರಿಹೋಗಿ ‘ಬಾಸೆಲ್‌ನ’ ಎಂಬುದು ‘ಬಾಸೆಲ್ನ’ ಆಗಿ ಕೂರುತ್ತದೆ. ಇದನ್ನು ಹಿಡಿಯಲು ಬೇಕಾದದ್ದು ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ಹೋಗುವುದು. ಅಷ್ಟಕ್ಕೆ ಕೊಡಲು ಪ್ರಕಾಶಕರ ಬಳಿ ಹಣ ಇರುವುದಿಲ್ಲ, ಬಿಡುಗಡೆ ಸಮಾರಂಭದ ಹಾರ ತುರಾಯಿಗೆ ಇರುತ್ತದೆ.

ಮುಂದಿನ ಸಂಚಿಕೆಯಲ್ಲಿ ತಿದ್ದಿದ ಚೌಕಟ್ಟು ಬರುತ್ತದೆ: ಹಾಫ್‌ಮನ್ ಎದುರು ಬಾಡೆನ್, ಡೇನಿಯಲ್ ಬರ್ನುಲಿ ಎದುರು ಗ್ರೋನಿಂಗನ್, ಫೆಡರರ್ ಅವರಿಗೆ ಎರಡು ಸಾಲು, ಹೊಸದಾಗಿ ಫ್ರೋಬೆನ್, ಒಪೊರಿನಸ್, ಕ್ಯಾಸ್ಟೆಲಿಯೊ, ಪ್ಲಾಟರ್. ಅಂದ ಹಾಗೆ, ನಿಮ್ಮ ಪತ್ರದಲ್ಲಿದ್ದ ಎರಡು ಕಾಗುಣಿತದ ತಪ್ಪನ್ನು ನಮ್ಮ ಕರಡು ತಿದ್ದುವವರು ಸದ್ದಿಲ್ಲದೆ ಸರಿಮಾಡಿದ್ದಾರೆ.