ಸ್ಪೋರ್ಟ್ಸ್ ಕಾರಿನಲ್ಲಿ ದಿನಾ ಆಫೀಸಿಗೆ ಹೋಗಬಹುದೇ?

ಪ್ರಶ್ನೆ: ನನಗೆ 44 ವರ್ಷ. ಮನೆ ಜಯನಗರದಲ್ಲಿ, ಆಫೀಸು ಬೆಳ್ಳಂದೂರಿನಲ್ಲಿ. ಪೋರ್ಷೆ 911 ತಗೋಬೇಕು ಅನ್ನೋದು ಕಾಲೇಜು ದಿನಗಳ ಆಸೆ, ಈಗ ಕೈಗೆ ಎಟುಕುವ ಹಾಗಾಗಿದೆ. ಆದರೆ ವಾರಪೂರ್ತಿ ಕವರ್ ಹಾಕಿಟ್ಟು ಭಾನುವಾರ ಮಾತ್ರ ಹೊರಗೆ ತೆಗೆಯೋದು ನನಗೆ ಬೇಡ, ದಿನಾ ಓಡಿಸಬೇಕು. ಹೆಂಡತಿ ಮತ್ತು ಏಳು ವರ್ಷದ ಮಗಳು ಇದ್ದಾರೆ. ಸ್ನೇಹಿತರೆಲ್ಲ ‘ಬೆನ್ನು ಹೋಗುತ್ತೆ, ಹಂಪ್‌ಗೆ ತಗಲುತ್ತೆ, ಬೇಡ’ ಅಂತಿದ್ದಾರೆ. ನೀವೇನಂತೀರಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ತಗೊಳ್ಳಿ. ದಿನಾ ಓಡಿಸುವ ಮನಸ್ಸಿದ್ದರೆ ಸ್ಪೋರ್ಟ್ಸ್ ಕಾರುಗಳಲ್ಲಿ ಇದಕ್ಕಿಂತ ಸರಿಯಾದ ಆಯ್ಕೆ ಕಡಿಮೆ. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮೊದಲು ಕಂಡಾಗಿನಿಂದ ಈ ಕಾರಿನ ಎಂಜಿನ್ ಹಿಂದೆ ಇದೆ, ಡಿಕ್ಕಿ ಮುಂದಿದೆ, ಹಿಂದೆ ಎರಡು ಪುಟ್ಟ ಸೀಟುಗಳಿಗೆ ಜಾಗ ಇದೆ. ಗಾಜುಗಳು ದೊಡ್ಡವು, ಕೂತ ಜಾಗದಿಂದ ಮುಂದಿನ ಎರಡೂ ಮಡ್ಗಾರ್ಡ್‌ಗಳ ಉಬ್ಬು ಕಾಣುತ್ತದೆ, ಹಾಗಾಗಿ ಆಟೋ ಮತ್ತು ಬಿಎಂಟಿಸಿ ಬಸ್ ನಡುವೆ ನಿಮ್ಮ ಕಾರು ಎಲ್ಲಿ ಮುಗಿಯುತ್ತದೆ ಅನ್ನೋದು ಗೊತ್ತಾಗುತ್ತದೆ. ಸಿಟಿಯಲ್ಲಿ ನೆಮ್ಮದಿ ಕೊಡೋದು ಇದೇ. ಅಳತೆಗೂ ಹೆದರಬೇಡಿ. ಈಗಿನ 911ರ ಸಾದಾ ಮಾಡೆಲ್ ಆದ ಕರೆರಾದ ಅಗಲ ಸುಮಾರು 1,850 ಮಿ.ಮೀ., ಅಂದರೆ ಇನ್ನೋವಾ ಹೈಕ್ರಾಸ್‌ನಷ್ಟೇ. ಉದ್ದದಲ್ಲಿ ಹೈಕ್ರಾಸ್‌ಗಿಂತ 20 ಸೆಂ.ಮೀ.ಗೂ ಜಾಸ್ತಿ ಗಿಡ್ಡ.

ಆದರೆ ಎಂಥ 911 ತಗೋತೀರಿ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ದಯವಿಟ್ಟು ಚಕ್ರದ ವಿಷಯದಲ್ಲಿ ಆಸೆ ಪಡಬೇಡಿ. ಸಾದಾ ಕರೆರಾಕ್ಕೆ ಮುಂದೆ 19 ಇಂಚು, ಹಿಂದೆ 20 ಇಂಚು ಚಕ್ರ ಬರುತ್ತದೆ. ಮುಂದಿನ ಟೈರಿನ ಮೇಲೆ 235/40 ಅಂತ ಇರುತ್ತದೆ, ಅಂದರೆ ಅಗಲ 235 ಮಿ.ಮೀ., ಅದರ ಶೇ 40ರಷ್ಟು ಎತ್ತರದ ರಬ್ಬರು, ಲೆಕ್ಕ ಹಾಕಿದರೆ 94 ಮಿ.ಮೀ. ಅದೇ 20 ಇಂಚಿಗೆ ಹೋದರೆ 245/35, ಅಂದರೆ 86 ಮಿ.ಮೀ. ಕ್ರೆಟಾದಲ್ಲಿ 17 ಇಂಚಿನ ಚಕ್ರಕ್ಕೆ 215/60 ಟೈರು, 129 ಮಿ.ಮೀ. ನಮ್ಮ ರಸ್ತೆಯ ಗುಂಡಿಗೂ ನಿಮ್ಮ ಬೆನ್ನಿಗೂ ನಡುವೆ ಮೊದಲು ಇರೋದು ಈ ರಬ್ಬರು ಮತ್ತು ಅದರೊಳಗಿನ ಗಾಳಿ. ಶೋರೂಮಿನಲ್ಲಿ ‘ದೊಡ್ಡ ಚಕ್ರ ಹಾಕಿಸಿ ಸರ್, ಲುಕ್ ಬರುತ್ತೆ’ ಅಂತಾರೆ. ಒಪ್ಪಿಕೊಳ್ಳಬೇಡಿ. 10 ಮಿ.ಮೀ. ತಗ್ಗಿಸಿದ ಸ್ಪೋರ್ಟ್ ಸಸ್ಪೆನ್ಷನ್ ಕೂಡ ಬೇಡ. ಸೀಟಿನಲ್ಲಿ ತೆಳು ಚಿಪ್ಪಿನಂಥ ಬಕೆಟ್ ಸೀಟು ನೋಡಲು ಚಂದ, ಆದರೆ ಅದರ ಬೆನ್ನಿನ ಕೋನ ಬದಲಿಸಲು ಆಗದು. ನಿಮಗೆ ಬೇಕಾದ್ದು ಹತ್ತಾರು ಕಡೆ ಹೊಂದಿಸಿಕೊಳ್ಳಬಹುದಾದ ಕರೆಂಟ್ ಸೀಟು. ಚಕ್ರ, ಸಸ್ಪೆನ್ಷನ್, ಸೀಟು ಈ ಮೂರನ್ನು ಸರಿಯಾಗಿ ಆರಿಸಿದವರ ಕಾರಿನಲ್ಲಿ ಮೈಸೂರಿಗೆ ಹೋಗಿ ಬಂದರೂ ಸುಸ್ತಾಗುವುದಿಲ್ಲ, ತಪ್ಪಾಗಿ ಆರಿಸಿದವರ ಕಾರಿನಲ್ಲಿ ಡೈರಿ ಸರ್ಕಲ್ ದಾಟುವಷ್ಟರಲ್ಲಿ ಸಾಕೆನಿಸುತ್ತದೆ. ಹೆಸರು ಎರಡಕ್ಕೂ 911.

ದುಡ್ಡು ಖರ್ಚು ಮಾಡಬೇಕಾದ ಆಪ್ಷನ್ ಅಂದರೆ ಮೂತಿ ಎತ್ತುವ ವ್ಯವಸ್ಥೆ. ಬಟನ್ ಒತ್ತಿದರೆ ಕಾರಿನ ಮುಂಭಾಗ ಸುಮಾರು 40 ಮಿ.ಮೀ. ಮೇಲೇಳುತ್ತದೆ, ಗಂಟೆಗೆ 35 ಕಿ.ಮೀ. ವೇಗದವರೆಗೆ ಹಾಗೇ ಇರುತ್ತದೆ. ಜಾಗವನ್ನು ಜಿಪಿಎಸ್ ಮೂಲಕ ನೆನಪಿಟ್ಟುಕೊಂಡು ಮುಂದಿನ ಸಲ ತಾನೇ ಎತ್ತುವ ಸೌಲಭ್ಯವೂ ಇದೆ. ದಿನಾ ಅದೇ ದಾರಿ, ಅದೇ ಹಂಪುಗಳು ಅಲ್ವಾ, ಅಂಥವರಿಗೆ ಇದು ನಿಜಕ್ಕೂ ವರ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದ ಪ್ರಕಾರ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಹಾಗೆ ಕಟ್ಟಿದ್ದರೆ ಯಾವ ಕಾರಿಗೂ ತೊಂದರೆ ಇಲ್ಲ, ಎತ್ತರ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಕಷ್ಟ ಕೊಡೋದು ಬಡಾವಣೆಯ ಒಳರಸ್ತೆಗಳಲ್ಲಿ ರಾತ್ರೋರಾತ್ರಿ ಸಿಮೆಂಟಿನಲ್ಲಿ ಎದ್ದು ನಿಲ್ಲುವ ಚೂಪು ಹಂಪುಗಳು. ಅಲ್ಲಿ ಮೂತಿ ಎತ್ತಿ, ಸ್ವಲ್ಪ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ.

ಅದಕ್ಕಿಂತ ಮುಖ್ಯವಾದ್ದು ನಿಮ್ಮ ಮನೆ ಮತ್ತು ಆಫೀಸಿನ ಬೇಸ್‌ಮೆಂಟ್ ಇಳಿಜಾರು. ಇಳಿಜಾರು ಮುಗಿದು ನೆಲ ಸಮವಾಗುವ ತಿರುವಿನಲ್ಲಿ ಮೂತಿ ನೆಲಕ್ಕೆ ಉಜ್ಜುತ್ತದೆ. ಅಡ್ವಾನ್ಸ್ ಕೊಡುವ ಮೊದಲೇ ಟೆಸ್ಟ್ ಡ್ರೈವ್ ಕಾರನ್ನು ಈ ಎರಡೂ ಜಾಗಕ್ಕೆ ಇಳಿಸಿ ನೋಡಿ. ಕೋಟಿಗಟ್ಟಲೆ ಕೊಡುವವರು ಇಷ್ಟನ್ನು ಕೇಳುವುದರಲ್ಲಿ ಸಂಕೋಚ ಏನೂ ಬೇಡ. ಹೆಂಡತಿಯನ್ನೂ ಕರೆದುಕೊಂಡು ಹೋಗಿ, ವೈಟ್ ಟಾಪಿಂಗ್ ಆದ ಕಾಂಕ್ರೀಟ್ ರಸ್ತೆಯಲ್ಲಿ ಓಡಿಸುತ್ತಾ ಮಾತಾಡಿ. 911ರ ದೊಡ್ಡ ಕೊರತೆ ಎಂಜಿನ್ ಸದ್ದಲ್ಲ, ಹಿಂದಿನ ಅಗಲ ಟೈರುಗಳ ಗೊರಗೊರ. ಕೆಲವರಿಗೆ ಅದು ಅಭ್ಯಾಸವಾಗಿಬಿಡುತ್ತದೆ, ಕೆಲವರಿಗೆ ತಲೆನೋವು.

ಟ್ರಾಫಿಕ್ಕಿನಲ್ಲಿ ಭಯ ಬೇಡ. ಟರ್ಬೊ ಎಂಜಿನ್ ಆದ್ದರಿಂದ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವ ಆಸುಪಾಸಿನಲ್ಲೇ ಪೂರ್ತಿ ಎಳೆತ ಸಿಗುತ್ತದೆ, ಸುಮ್ನೆ ಕಾಲಿಟ್ಟುಕೊಂಡು ಹೋಗಬಹುದು. ಗೇರ್‌ಬಾಕ್ಸ್ ಮಾತ್ರ ಎರಡು ಕ್ಲಚ್ಚಿನದು, ಮಾಮೂಲಿ ಆಟೊಮ್ಯಾಟಿಕ್ ಅಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬ್ರೇಕನ್ನು ಅರ್ಧ ಬಿಟ್ಟು ಇಂಚಿಂಚು ತೆವಳಿದರೆ ಕ್ಲಚ್ ಜಾರುತ್ತಲೇ ಇದ್ದು ಬಿಸಿಯಾಗುತ್ತದೆ. ಮುಂದೆ ಒಂದು ಕಾರಿನಷ್ಟು ಜಾಗ ಆಗಲಿ, ಆಮೇಲೆ ಹೋಗಿ ಪೂರ್ತಿ ನಿಲ್ಲಿಸಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ.

ಮಳೆಗಾಲದ ಮಾತು. ಈ ಕಾರಿನ ಮುಂದಿನ ಚಕ್ರದ ಕಮಾನಿನಲ್ಲಿ ನೀರು ಎರಚುವ ಸದ್ದನ್ನು ಕೇಳಿಸಿಕೊಳ್ಳುವ ಸೆನ್ಸರ್ ಇದೆ, ರಸ್ತೆ ಒದ್ದೆ ಅಂತ ಅದೇ ಎಚ್ಚರಿಸುತ್ತದೆ. ತುಂಬಾ ಜಾಣ ಕೆಲಸ ಅದು. ಆದರೆ ನಿಂತ ನೀರಿಗೆ ಅದರಿಂದ ಉಪಯೋಗವಿಲ್ಲ. ಅಂಡರ್‌ಪಾಸಿನಲ್ಲಿ ನೀರು ಕಂಡರೆ ವಾಪಸ್ ಬನ್ನಿ. ನೀರಲ್ಲಿ ಎಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ, ಎಂಜಿನ್ ಪ್ರೊಟೆಕ್ಟ್ (ನೀರು ಹೊಕ್ಕು ಎಂಜಿನ್ ಕೆಟ್ಟರೆ ಸಿಗುವ ರಕ್ಷಣೆ) ಇಲ್ಲದ ವಿಮೆ ಮಾಡಿಸಬೇಡಿ. ಸ್ಟೆಪ್ನಿ ಇರುವುದಿಲ್ಲ, ಪಂಕ್ಚರ್ ಅಂಟು ಮತ್ತು ಪಂಪು ಕೊಡುತ್ತಾರೆ. ಮೊಳೆ ಚುಚ್ಚಿದರೆ ಅದು ಸಾಕು, ಗುಂಡಿಗೆ ಬಿದ್ದು ಟೈರಿನ ಪಕ್ಕ ಸೀಳಿದರೆ ಸಾಲದು. ಈ ಅಳತೆಯ ಟೈರು ಎಲ್ಲಾ ಅಂಗಡಿಯಲ್ಲೂ ಸಿಗೋದಿಲ್ಲ, ಆದ್ದರಿಂದ ಮುಂದಿನದೊಂದು, ಹಿಂದಿನದೊಂದು ತಂದು ಮನೆಯಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಮಗಳ ವಿಷಯ: ಈಗ ಹಿಂದೆ ಆರಾಮಾಗಿ ಕೂರುತ್ತಾಳೆ, ಎತ್ತರ ಬೆಳೆದ ಮೇಲೆ ಆಗದು. ಹೊಸ 911 ಕೂಪೆ, ಅಂದರೆ ಛಾವಣಿ ತೆರೆಯದ ಮಾಡೆಲ್, ಈಗ ಎರಡೇ ಸೀಟಿನೊಂದಿಗೆ ಬರುತ್ತದೆ, ಹಿಂದಿನ ಸೀಟು ಬೇಕೆಂದು ಆರ್ಡರ್ ಮಾಡುವಾಗಲೇ ಹೇಳಬೇಕು. ಅದಕ್ಕೆ ಹೆಚ್ಚು ದುಡ್ಡಿಲ್ಲ, ಮರೆತರೆ ಮಾತ್ರ ಕಷ್ಟ.

ಸ್ಪೋರ್ಟ್ಸ್ ಕಾರು ಅಂದ ಮೇಲೆ ಮೈಕೈ ನೋಯಬೇಕು ಅನ್ನೋ ಮಾತನ್ನು 1990ರಲ್ಲಿ ಬಂದ ಹೋಂಡಾ ಎನ್‌ಎಸ್‌ಎಕ್ಸ್ ಕೂಡ ಸುಳ್ಳು ಮಾಡಿತ್ತು. ಎಫ್-16 ಯುದ್ಧವಿಮಾನದ ಗಾಜಿನ ಗೂಡನ್ನು ನೋಡಿ ಅದರ ಕ್ಯಾಬಿನ್ ರೂಪಿಸಿದರು, ಸುತ್ತಲೂ ಕಾಣಲಿ ಅಂತ. ನಿಮ್ಮ ಸ್ನೇಹಿತರಿಗೆ ಇದನ್ನೂ ಹೇಳಿ.

ಪ್ರಶ್ನೆ: ಪುದುಚೇರಿ ನೋಂದಣಿಯ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರೊಂದು ಕಡಿಮೆ ಬೆಲೆಗೆ ಸಿಗುತ್ತಿದೆ. ತುಂಬಾ ಕಡಿಮೆ ಓಡಿದೆ. ಮೈಸೂರಿನಲ್ಲಿ ದಿನಾ ಓಡಿಸಲು ತಗೋಬಹುದಾ?
– ಓದುಗರೊಬ್ಬರು, ಮೈಸೂರು

ಉತ್ತರ: ಕಡಿಮೆ ಬೆಲೆಗೆ ಕಾರಣ ಆ ನಂಬರ್ ಪ್ಲೇಟೇ ಇರಬಹುದು. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಆಜೀವ ತೆರಿಗೆ ಶೇ 18, ಮೇಲೆ ಸೆಸ್. ಹೊಸ ಕಾರಿನ ಬೆಲೆ 2 ಕೋಟಿ ಇದ್ದರೆ ತೆರಿಗೆಯೇ 40 ಲಕ್ಷದ ಹತ್ತಿರ ಬರುತ್ತದೆ. ಹಳೆಯ ಕಾರಿಗೆ ವಯಸ್ಸು ನೋಡಿ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ 12 ತಿಂಗಳು ಮೀರಿ ಇನ್ನೊಂದು ರಾಜ್ಯದಲ್ಲಿ ಇಟ್ಟುಕೊಂಡರೆ ಅಲ್ಲಿ ಹೊಸದಾಗಿ ನೋಂದಣಿ ಆಗಬೇಕು. ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ಇಂಥ ದುಬಾರಿ ಕಾರುಗಳನ್ನು ಹಿಡಿದಿದ್ದಾರೆ. ದಿನಾ ರಸ್ತೆಗಿಳಿಯುವ ಕಾರಿಗೆ ದಿನಾ ಆ ಭಯ ಬೇಕಾ? ನಿಮ್ಮ ಆರ್‌ಟಿಒ ಕಚೇರಿಯಲ್ಲಿ ತೆರಿಗೆ ಎಷ್ಟಾಗುತ್ತದೆ ಅಂತ ಮೊದಲು ಕೇಳಿ, ಅದನ್ನು ಬೆಲೆಗೆ ಸೇರಿಸಿ, ಮಾರುವವರಿಂದ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಕೈಗೆ ಬಂದ ಮೇಲೆಯೇ ಪೂರ್ತಿ ಹಣ ಕೊಡಿ.

ಕಡಿಮೆ ಓಡಿದೆ ಅನ್ನೋದನ್ನು ನಾನು ಒಳ್ಳೆಯ ಗುಣ ಅಂತ ಎಣಿಸುವುದಿಲ್ಲ. ನಿಂತ ಕಾರಿನಲ್ಲಿ ಬ್ಯಾಟರಿ ಸಾಯುತ್ತದೆ, ರಬ್ಬರ್ ಸೀಲುಗಳು ಒಣಗುತ್ತವೆ, ಟೈರು ಗಟ್ಟಿಯಾಗುತ್ತದೆ. ಟೈರಿನ ಪಕ್ಕದಲ್ಲಿ ಡಾಟ್ ಗುರುತಿನ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2318 ಅಂತಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಗೆರೆ ಪೂರ್ತಿ ಇದ್ದರೂ ಅಷ್ಟು ಹಳೆಯ ಟೈರು ಮಳೆಯಲ್ಲಿ ಹಿಡಿಯುವುದಿಲ್ಲ. ಪೋರ್ಷೆ ಆಗಿದ್ದರೆ, ಎಂಜಿನ್ನನ್ನು ಮಿತಿ ಮೀರಿ ತಿರುಗಿಸಿದ ದಾಖಲೆ ಅದರ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ, ಕೊಳ್ಳುವ ಮೊದಲು ಅದರ ಪ್ರಿಂಟ್ ತೆಗೆಸಿ. ವರ್ಷಾ ವರ್ಷಾ ಸರ್ವಿಸ್ ಮಾಡಿಸಿ, ನಿಯಮಿತವಾಗಿ ಓಡಿಸಿದ ಕಾರು ಸಿಕ್ಕರೆ ಮೀಟರಿನಲ್ಲಿ ಜಾಸ್ತಿ ಕಿ.ಮೀ. ಇದ್ದರೂ ಅದೇ ವಾಸಿ.

ಪ್ರಶ್ನೆ: ಅಪ್ಪ ಅಮ್ಮನಿಗೆ ಎಪ್ಪತ್ತು ದಾಟಿದೆ, ಇಬ್ಬರಿಗೂ ಮಂಡಿ ನೋವು. ಮನೆಯ ಒಂದೇ ಕಾರಾಗಿ ಸ್ಪೋರ್ಟ್ಸ್ ಕಾರು ಇಟ್ಟುಕೊಳ್ಳಬಹುದೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಬೇಡ. ಅಷ್ಟು ಕೆಳಗೆ ಕೂತು ಏಳುವುದು ಅವರಿಗೆ ಶಿಕ್ಷೆ, ಅದರಲ್ಲೂ ಸೀರೆ ಉಟ್ಟ ಅಮ್ಮನಿಗೆ. ಜೊತೆಗೊಂದು ಸಾಮಾನ್ಯ ಹ್ಯಾಚ್‌ಬ್ಯಾಕ್ ಇರುವುದಾದರೆ ಮಾತ್ರ ಯೋಚಿಸಿ.

ಪ್ರಶ್ನೆ: ನಾನು ಅಮೆರಿಕದ ಮಿಷಿಗನ್‌ನಲ್ಲಿದ್ದೇನೆ, ಎತ್ತರ ಆರಡಿ. ಸೆಕೆಂಡ್ ಹ್ಯಾಂಡ್ ಮಾಜ್ದಾ ಮಿಯಾಟಾ ತಗೊಂಡು ವರ್ಷಪೂರ್ತಿ, ಹಿಮದಲ್ಲೂ ಓಡಿಸಬಹುದೇ?
– ಓದುಗರೊಬ್ಬರು, ಮಿಷಿಗನ್

ಉತ್ತರ: ಓಡಿಸಬಹುದು. ಈ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು ಹಗುರ, 1,100 ಕೆ.ಜಿ. ಆಸುಪಾಸು, ಅದಕ್ಕೇ ಕಡಿಮೆ ಶಕ್ತಿಯಲ್ಲೂ ಅಷ್ಟು ಖುಷಿ ಕೊಡುತ್ತದೆ. ನಿಮ್ಮ ಎತ್ತರಕ್ಕೆ 2019ರ ಅಥವಾ ಆಮೇಲಿನ ಮಾಡೆಲ್ ನೋಡಿ. ಈ ತಲೆಮಾರಿನ ಕಾರಿನಲ್ಲಿ ಸ್ಟೀರಿಂಗನ್ನು ಹತ್ತಿರಕ್ಕೆ ಎಳೆದುಕೊಳ್ಳುವ ಸೌಲಭ್ಯ ಬಂದದ್ದು ಆಗಲೇ, ಅದಿಲ್ಲದೆ ಉದ್ದ ಕಾಲಿನವರಿಗೆ ಕೈ ಎಟುಕುವುದು ಕಷ್ಟ. ಬೇಸಿಗೆ ಟೈರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಬಿಡುತ್ತದೆ, ಆದ್ದರಿಂದ ಚಳಿಗಾಲಕ್ಕೆ ನಾಲ್ಕೂ ಚಕ್ರಕ್ಕೆ ವಿಂಟರ್ ಟೈರು ಬೇರೆಯೇ ಬೇಕು, ಹಿಂದಿನ ಎರಡಕ್ಕೆ ಮಾತ್ರ ಹಾಕಿಸಿ ಉಳಿಸಲು ಹೋಗಬೇಡಿ. ನಿಮ್ಮಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಕೊಳ್ಳುವ ಮೊದಲು ಲಿಫ್ಟ್ ಮೇಲೆ ಎತ್ತಿಸಿ ಬಾಗಿಲ ಕೆಳಗಿನ ಅಂಚು ಮತ್ತು ಅಡಿಭಾಗದಲ್ಲಿ ತುಕ್ಕು ಹಿಡಿದಿದೆಯೇ ನೋಡಿ. ಕೊಂಡ ಮೇಲೆ ಚಳಿಗಾಲ ಪೂರ್ತಿ ಆಗಾಗ ಅಡಿಭಾಗ ತೊಳೆಸುತ್ತಿರಿ.